ಎಂಟು ಮಗ್ಗದಾಚೆಗೆ ಕಾಣುವ ಅಕ್ಷರ

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಕೂಗಿದರೆ ಕೇಳುತ್ತಿರಲಿಲ್ಲ. ಬನಹಟ್ಟಿಯ ಆ ಮನೆಗೆ ಅಗಲ ಕಡಿಮೆ, ಉದ್ದ ಬಹಳ. ಬೀದಿ ಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲವರೆಗೆ ಒಂದೇ ಪಡಸಾಲೆ, ಅದರಲ್ಲಿ ಒಂದರ ಹಿಂದೊಂದು ಎಂಟು ಮಗ್ಗಗಳು. ಬೀದಿ ಬಾಗಿಲ ಪಕ್ಕದಲ್ಲಿ ಮೋಟಾರು, ಅದರ ಮೇಲೆ ಗೋಡೆಗೆ ಸ್ವಿಚ್ಚು. ಆ ಒಂದು ಮೋಟಾರು ಒಂದು ಉದ್ದನೆಯ ಶಾಫ್ಟನ್ನು ತಿರುಗಿಸುತ್ತಿತ್ತು. ತೊಲೆಗಳ ಕೆಳಗೆ ಮನೆಯ ಉದ್ದಕ್ಕೂ ಹಾದಿದ್ದ ಆ ಶಾಫ್ಟಿನಿಂದ ಪ್ರತಿ ಮಗ್ಗದ ಗಾಲಿಗೂ ಬೆಲ್ಟಿನಂಥ ಒಂದು ಪಟ್ಟಾ ಇಳಿದಿತ್ತು. ಸ್ವಿಚ್ಚು ಹಾಕಿದರೆ ಎಂಟೂ ಮಗ್ಗಗಳು ಒಟ್ಟಿಗೆ ಶುರುವಾಗುತ್ತಿದ್ದವು, ತೆಗೆದರೆ ಒಟ್ಟಿಗೆ ನಿಲ್ಲುತ್ತಿದ್ದವು. ಶುರುವಾದ ಮೇಲೆ ಮನೆಯಲ್ಲಿ ಮನುಷ್ಯರ ಮಾತಿಗೆ ಜಾಗವಿರಲಿಲ್ಲ. ಲಾಳಿ ಆ ಕಡೆ ಬಡಿದು ಈ ಕಡೆ ಬಡಿದು, ಎಂಟು ಮಗ್ಗಗಳ ಬಡಿತ ಸೇರಿ, ತಾಟಿನೊಳಗಿನ ನೀರು ಕೂಡ ಸಣ್ಣಗೆ ನಡುಗುತ್ತಿತ್ತು. ನಾನು ಹುಟ್ಟಿದ್ದು ಆ ಸದ್ದಿನಲ್ಲಿ. ಬೇರೆಯವರ ಮನೆಗೆ ಹೋದರೆ ಅಲ್ಲಿನ ಮೌನಕ್ಕೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹಾಗಾಗಿ ನಮ್ಮಲ್ಲಿ ಹಲಗೆಗಳಿದ್ದವು. ನೂಲಿನ ಪೆಟ್ಟಿಗೆಗಳ ಮುಚ್ಚಳಗಳವು. ಕಪ್ಪು ಬಳಿದು ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೊಂದು ಮಾತು ಬರೆದಿತ್ತು. ಊಟ, ಚಹಾ, ನೀರು, ಬಾ, ಮಂದಿ ಬಂದಾರ, ಬಂದ್. ಒಟ್ಟು ಆರು. ಅಡುಗೆಮನೆಯ ಬಾಗಿಲಲ್ಲಿ ಆರು ಮೊಳೆಗಳಿಗೆ ಅವು ತೂಗುತ್ತಿದ್ದವು. ಅವ್ವ ರೊಟ್ಟಿ ಮುಗಿಸಿದಾಗ 'ಊಟ' ತೆಗೆದು ಎದೆಯ ಮುಂದೆ ಹಿಡಿಯುತ್ತಿದ್ದಳು. ಬೀದಿ ಬಾಗಿಲ ಕಡೆಯ ಎಂಟನೆಯ ಮಗ್ಗದ ಹತ್ತಿರವಿದ್ದ ಅಪ್ಪ ಓದಿ, ಬಲಗೈಯನ್ನು ತಲೆಗಿಂತ ಮೇಲೆ ಎತ್ತುತ್ತಿದ್ದ. ಎತ್ತಿದ ಕೈಗೆ ಓದಿದೆ, ತಿಳಿಯಿತು, ಮಾಡುತ್ತೇನೆ ಎಂದು ಅರ್ಥ. ಅಷ್ಟರಲ್ಲಿ ನಮ್ಮ ಸಂಸಾರ ನಡೆಯುತ್ತಿತ್ತು. ಆ ಹಲಗೆಗಳನ್ನು ಬರೆದವನು ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ. ಸುಣ್ಣ ಬಳಿಯುವ ಕುಂಚದಿಂದಲೇ ಬರೆದಿದ್ದನಂತೆ. ಅಕ್ಷರಗಳು ದಪ್ಪಗೆ, ಒಡ್ಡೊಡ್ಡಾಗಿ, ಹಲಗೆಯ ಅಂಚಿನವರೆಗೆ ಚಾಚಿಕೊಂಡು ಕೂತಿದ್ದವು. ನನಗೆ ಅವನ್ನು ಕಂಡರೆ ನಾಚಿಕೆಯಾಗುತ್ತಿತ್ತು.

ಅಮಾವಾಸ್ಯೆಯ ದಿನ ಮಗ್ಗ ನಿಲ್ಲುತ್ತಿತ್ತು. ಬೆಳಿಗ್ಗೆಯೇ ಎಂಟೂ ಮಗ್ಗಗಳ ಅರಳೆಯ ಧೂಳು ಒರೆಸಿ, ಎಣ್ಣೆ ಹಾಕಿ, ಮರದ ಚೌಕಟ್ಟಿಗೆ ಮೂರು ಬೆರಳು ವಿಭೂತಿ ಎಳೆದು, ಲಾಳಿಗಳನ್ನು ಒಂದು ಮೊರದಲ್ಲಿ ಸಾಲಾಗಿ ಇಟ್ಟು ಹೂ ಏರಿಸುತ್ತಿದ್ದೆವು. ಕಪ್ಪು ಮಾಸಿದ ಹಲಗೆಗಳಿಗೆ ಹೊಸ ಬಣ್ಣ ಕೊಡುವುದೂ ಅವತ್ತೇ. ಹೋಳಿಗೆಯೋ ಕಡಬೋ ಆಗುತ್ತಿತ್ತು. ಮತ್ತು ಜಗಳ. ಒಂದು ತಿಂಗಳಿಡೀ ಕೇಳಿಸದೆ ಉಳಿದ ಮಾತುಗಳೆಲ್ಲ ಅವತ್ತು ಹೊರಗೆ ಬರುತ್ತಿದ್ದವು.

"ಆ ಸೋಮವಾರ ನೀವು ನನಗ ಏನೋ ಅಂದ್ರಿ. ಬಾಯಿ ಆಡೂದು ಕಂಡ್ತು. ಏನಂದ್ರಿ?" ಅವ್ವ ಶುರುಮಾಡುತ್ತಿದ್ದಳು.

"ಏನೂ ಅಂದಿಲ್ಲ. ಎಲಿ ಅಡಕಿ ಅಗಿಯಾಕತ್ತಿದ್ದೆ," ಅಪ್ಪ ಹೇಳುತ್ತಿದ್ದ.

"ಅಡಕಿ ಅಗಿಯಾಕ ಹುಬ್ಬು ಗಂಟ ಹಾಕಬೇಕೇನು?"

ಅಪ್ಪನ ತಂಗಿ ನೀಲತ್ತಿ ನಡುವೆ ಬಾಯಿ ಹಾಕುತ್ತಿದ್ದಳು.

"ವೈನಿ, ಮುಂದಿನ ಅಮಾಸಿಗೂ ಒಂದಿಷ್ಟು ಇಟಗೋರಿ. ಎಲ್ಲಾ ಇವತ್ತ ಮುಗಿಸಬ್ಯಾಡ್ರಿ."

ನೀಲತ್ತಿಯನ್ನು ತೇರದಾಳಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ತವರಿಗೆ ಬಂದು, ಅಡುಗೆಮನೆಗೆ ಹತ್ತಿರದ ಮೊದಲ ನಾಲ್ಕು ಮಗ್ಗಗಳನ್ನು ಆಕೆಯೇ ನೋಡಿಕೊಳ್ಳುತ್ತಿದ್ದಳು. ತುಂಡಾದ ಎಳೆಯನ್ನು ಆಕೆ ಗಂಟು ಹಾಕುವಾಗ ಬೆರಳುಗಳು ಕಾಣುತ್ತಿರಲಿಲ್ಲ, ಗಂಟು ಮಾತ್ರ ಕಾಣುತ್ತಿತ್ತು. ನನ್ನ ತಲೆ ಬಾಚುತ್ತಿದ್ದವಳೂ ಆಕೆಯೇ.

ನಾನು ಐದನೆಯ ತರಗತಿಯಲ್ಲಿದ್ದಾಗ ಸಾಲೆಯಲ್ಲಿ ಚೆಂದದ ಅಕ್ಷರಕ್ಕೆ ನನಗೆ ಬಹುಮಾನ ಬಂತು. ಒಂದು ಬಣ್ಣದ ಡಬ್ಬಿ, ಎರಡು ಸಣ್ಣ ಕುಂಚ. ಅವತ್ತಿನಿಂದ ಅಜ್ಜನ ಹಲಗೆಗಳು ಇನ್ನೂ ಒಡ್ಡಾಗಿ ಕಂಡವು. ಮುಂದಿನ ಅಮಾವಾಸ್ಯೆಗೆ ಹಲಗೆಗಳನ್ನು ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಆರೂ ಹಲಗೆಗಳಿಗೆ ಕಪ್ಪು ಬಳಿದೆ. ಅಜ್ಜನ ಅಕ್ಷರಗಳು ಮುಚ್ಚಿಹೋದವು. ಸಣ್ಣ ಕುಂಚದಿಂದ, ಶುರುವಿನಲ್ಲಿ ತೆಳ್ಳಗೆ, ತಿರುವಿನಲ್ಲಿ ತುಸು ದಪ್ಪ, ಕೊನೆಯಲ್ಲಿ ಮತ್ತೆ ಕೂದಲೆಳೆಯಷ್ಟು ತೆಳ್ಳಗೆ ಆಗುವಂತೆ ಬರೆದೆ. ತಲೆಕಟ್ಟಿನ ತುದಿಯನ್ನು ಮೇಲಕ್ಕೆ ಸುರುಳಿ ಸುತ್ತಿದೆ. ಸುತ್ತಲೂ ಸೀರೆಯ ಅಂಚಿನಂತೆ ಕೆಂಪು ತೆನೆಗಳ ಸಾಲು. ಅಂಚಿಗೆ ಜಾಗ ಬಿಟ್ಟದ್ದರಿಂದ ಅಕ್ಷರಗಳು ನಡುವೆ ಚಿಕ್ಕದಾಗಿ ಕೂತವು. ನೇಕಾರರ ಮನೆ ನಮ್ಮದು. ಅಂಚಿಲ್ಲದ ಯಾವುದನ್ನೂ ನಾವು ಪೂರ್ತಿಯಾಗಿದೆ ಎಂದು ಒಪ್ಪುತ್ತಿರಲಿಲ್ಲ.

"ಸೆರಗು ಇದ್ದಂಗ ಅದಾವ ನೋಡ್ರಿ ವೈನಿ," ಎಂದು ನೀಲತ್ತಿ ಹಲಗೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದಳು. "ಈ ಹುಡಿಗಿ ಕೈಯಾಗ ಏನೋ ಐತಿ."

ಎಲ್ಲರೂ ಕೈಯಲ್ಲಿ ಹಿಡಿದೇ ನೋಡಿದರು. ಅಮಾವಾಸ್ಯೆ, ಮಗ್ಗ ನಿಂತಿದೆ, ಎಲ್ಲರೂ ಅಡುಗೆಮನೆಯ ಹತ್ತಿರವೇ ಕೂತಿದ್ದಾರೆ. ಎಂಟನೆಯ ಮಗ್ಗದವರೆಗೆ ನಡೆದು ಹೋಗಿ ಅಲ್ಲಿಂದ ನೋಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ನಾನು 'ಚಹಾ' ಹಿಡಿದೆ. ಅಪ್ಪ ಕಣ್ಣು ಕಿರಿದು ಮಾಡಿದ. ಕೈ ಎತ್ತಲಿಲ್ಲ. ಎಂಟು ಮಗ್ಗ ದಾಟಿ ನಡೆದು ಬಂದು, ಬಗ್ಗಿ, ನನ್ನ ಕಿವಿಯ ಹತ್ತಿರ ಏನದು ಎಂದು ಕೇಳಿದ. ಚಹಾ ಎಂದೆ. ನಕ್ಕು ನನ್ನ ತಲೆ ಸವರಿ ಹೋದ. ಅದರ ಮರುದಿನದಿಂದ ನಡೆದು ಬರಲಿಲ್ಲ. ಹೊತ್ತು ನೋಡಿ, ಈ ಹೊತ್ತಿಗೆ ಚಹಾ ಇರಬೇಕು, ಈ ಹೊತ್ತಿಗೆ ಊಟ ಇರಬೇಕು ಎಂದು ಅಂದಾಜಿನಲ್ಲಿ ಕೈ ಎತ್ತತೊಡಗಿದ. ಒಮ್ಮೆ 'ನೀರು' ಹಿಡಿದಾಗ ಕೈ ಎತ್ತಿ ಚಹಾಕ್ಕೆ ಬಂದ. ನನಗೆ ಅವತ್ತೇ ಗೊತ್ತಾಯಿತು. ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಪ್ಪನಿಗೆ ಅಕ್ಷರ ಕಾಣುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಹೇಳಿದರೆ ನನ್ನ ಹಲಗೆಗಳನ್ನು ಅಳಿಸಬೇಕಾಗುತ್ತದೆ ಎಂದು ಸುಮ್ಮನಿದ್ದೆ.

ಐದನೆಯ ದಿನ, ಊಟಕ್ಕೆ ಮುಂಚೆ, ಎರಡನೆಯ ಮಗ್ಗದ ಪಟ್ಟಾ ಜಾರಿತು. ಪಟ್ಟಾ ಜಾರಿದರೆ ಒಂದು ಪದ್ಧತಿ ಇತ್ತು. 'ಬಂದ್' ಹಲಗೆ ಹಿಡಿಯಬೇಕು, ಅಪ್ಪ ಕೈ ಎತ್ತಿ ಸ್ವಿಚ್ಚು ತೆಗೆಯಬೇಕು, ಶಾಫ್ಟು ಪೂರ್ತಿ ನಿಲ್ಲುವ ಮೊದಲು ನಿಧಾನವಾಗಿ ತಿರುಗುತ್ತಿರುವಾಗಲೇ ಪಟ್ಟಾವನ್ನು ಕೈಯಿಂದ ಗಾಲಿಗೆ ಏರಿಸಬೇಕು. ನಿಂತ ಮೇಲೆ ಏರಿಸುವುದು ಕಷ್ಟ, ನಿಧಾನವಾಗಿರುವಾಗ ಸುಲಭ. ನೀಲತ್ತಿ ನನ್ನ ಕಡೆ ನೋಡಿ ಮುಷ್ಟಿ ಬಿಗಿದು ತೋರಿಸಿದಳು. ನಾನು 'ಬಂದ್' ಹಿಡಿದೆ. ಎರಡೂ ಕೈಯಿಂದ, ಎದೆಯ ಮುಂದೆ, ನೆಟ್ಟಗೆ ಹಿಡಿದೆ. ಎಂಟನೆಯ ಮಗ್ಗದಿಂದ ಅಪ್ಪ ನೋಡಿದ. ಊಟದ ಹೊತ್ತು. ಬಲಗೈ ಎತ್ತಿದ.

ನೀಲತ್ತಿ ಆ ಕೈಯನ್ನು ನೋಡಿದಳು. ತಿರುಗಿ, ಬಗ್ಗಿ, ಪಟ್ಟಾಕ್ಕೆ ಕೈ ಹಾಕಿದಳು. ಅಪ್ಪ ಬೀದಿ ಬಾಗಿಲ ಹೊರಗಿನ ನೀರಿನ ಬಾನಿಯ ಹತ್ತಿರ ಊಟಕ್ಕೆಂದು ಕೈ ತೊಳೆಯಲು ಹೋದ. ಶಾಫ್ಟು ಅದೇ ವೇಗದಲ್ಲಿ ತಿರುಗುತ್ತಿತ್ತು. ಪಟ್ಟಾ ಒಮ್ಮೆ ಜಗ್ಗಿತು. ಆಕೆಯ ಬಲಭುಜ ಗಾಲಿಯ ಕಡೆಗೆ ಹೋಯಿತು. ಆಕೆಯ ಬಾಯಿ ತೆರೆಯಿತು. ಆಕೆ ಕೂಗಿರಬೇಕು, ನನಗೆ ಕೇಳಿಸಲಿಲ್ಲ. ಮೂರು ಮಾರು ದೂರದಲ್ಲಿ ನಿಂತಿದ್ದೆ, ಕೇಳಿಸಲಿಲ್ಲ. ನಾನು ಹಲಗೆಯನ್ನು ಹಿಡಿದೇ ಇದ್ದೆ. ಅವ್ವ ಅಡುಗೆಮನೆಯಿಂದ ಹೊರಗೆ ಬಂದವಳು ನೋಡಿ, ಎಂಟು ಮಗ್ಗಗಳ ಉದ್ದಕ್ಕೂ ಓಡಿ, ಹಿಟ್ಟಿನ ಕೈಯಿಂದಲೇ ಸ್ವಿಚ್ಚು ತೆಗೆದಳು. ಸದ್ದು ನಿಂತಾಗ ನೀಲತ್ತಿ ಕೂಗುತ್ತಿರಲಿಲ್ಲ. ಲಾಳಿ ಎಷ್ಟು ಸಲ ಹೋಗಿ ಬಂದಿತೆಂದು ನಾನು ಎಣಿಸಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಎಣಿಸಲು ನೋಡಿದ್ದೇನೆ.

ಜಮಖಂಡಿಯ ಆಸ್ಪತ್ರೆಯಿಂದ ಆಕೆ ಮನೆಗೆ ಬಂದಾಗ ಬಲಗೈಯ ಉಂಗುರ ಬೆರಳೂ ಕಿರುಬೆರಳೂ ಇರಲಿಲ್ಲ. ಮುಂದಿನ ಅಮಾವಾಸ್ಯೆ ಬಂತು. ಮಗ್ಗ ನಿಂತಿತು. ಜಗಳಕ್ಕೆ ಕೂತ ಹಾಗೆಯೇ ಎಲ್ಲರೂ ಕೂತರು. ಆದರೆ ಅವತ್ತು ಒಬ್ಬರೂ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಲಿಲ್ಲ.

"ಓದದೇ ಕೈ ಎತ್ತಿದೆ. ತಪ್ಪು ನಂದು," ಎಂದ ಅಪ್ಪ.

"ನಾ ಶಾಫ್ಟ ನೋಡಬೇಕಿತ್ತು ಅಣ್ಣಾ. ನಿನ್ನ ಕೈ ನೋಡಿ ತಿರಿಗಿಬಿಟ್ಟೆ," ಎಂದಳು ನೀಲತ್ತಿ.

"ನಾ ಅವತ್ತ ರೊಟ್ಟಿ ತಡಾ ಮಾಡಿದ್ದೆ. ಹಸದಾವರಿಗಿ ಎಲ್ಲಾ ಹಲಿಗಿನೂ ಊಟನ ಕಾಣ್ತೈತಿ," ಎಂದಳು ಅವ್ವ.

ಹಲಗೆಯನ್ನು ಬರೆದವಳ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಎದ್ದು ಆರು ಹಲಗೆಗಳನ್ನೂ ತೆಗೆದುಕೊಂಡು ಬಚ್ಚಲ ಒಲೆಯ ಮುಂದೆ ಕೂತೆ. ನೀಲತ್ತಿ ಹಿಂದೆಯೇ ಬಂದಳು. ಕೈಗೆ ಇನ್ನೂ ಬಟ್ಟೆ ಸುತ್ತಿತ್ತು.

"ಯಾಕ ಸುಡಾಕತ್ತಿ? ಕಟಗಿ ಛಲೋ ಐತಿ. ಮ್ಯಾಲಿನ ಬಣ್ಣಾ ಕೆರಿ."

"ನಾ ಇನ್ನ ಬರಿಯಂಗಿಲ್ಲ ಬೇ ಅತ್ತಿ."

"ನೀ ಬರೀಲಿಲ್ಲಂದ್ರ ಈ ಮನ್ಯಾಗ ಊಟಕ್ಕ ಕರಿಯೂದು ಹೆಂಗ? ನಿಮ್ಮಪ್ಪ ಉಪಾಸ ಸಾಯ್ತಾನ. ಎದ್ದೇಳು. ನೀ ಬರಿ, ನಾ ದೂರ ನಿಂತು ನೋಡತೇನಿ."

ನಾನು ಏನಾಗಿದ್ದೇನೋ ಅದು ಆ ಮಾತಿನಿಂದ ಆದದ್ದು. ಮರುದಿನ ಮಗ್ಗಗಳು ಓಡುತ್ತಿರುವಾಗಲೇ ಬರೆಯಲು ಕೂರಿಸಿದಳು. ಮಗ್ಗ ನಿಂತ ಮನೆಯಲ್ಲಿ ಬರೆದ ಅಕ್ಷರವನ್ನು ನಂಬಬಾರದು ಎಂದು ಆಕೆ ತೀರ್ಮಾನಿಸಿದ್ದಳು. ಗಾಳಿಯಲ್ಲಿ ಅರಳೆ ಹಾರಬೇಕು, ಪಟ್ಟಾಗಳು ಕಣ್ಣಿನ ಮುಂದೆ ಆಡುತ್ತಿರಬೇಕು, ಅವುಗಳ ಆಚೆಯಿಂದ ಓದಲು ಬರಬೇಕು. ನಾನು ಮೊದಲು ನನ್ನ ಹಳೆಯ ಅಕ್ಷರಗಳನ್ನೇ ದಪ್ಪ ಕುಂಚದಿಂದ ಬರೆದೆ. ಆಕೆ ಒಂದೊಂದೇ ಮಗ್ಗ ಹಿಂದೆ ಸರಿಯುತ್ತ ಹೋದಳು. ನಾಲ್ಕನೆಯ ಮಗ್ಗದ ಹತ್ತಿರ ತಲೆ ಅಲ್ಲಾಡಿಸಿದಳು. ಬಂದು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು.

"ಸುಣ್ಣದ ಹೆಂಟಿ ಒಗದಂಗ ಕಾಣ್ತೈತಿ. ದಪ್ಪ ಮಾಡಾಕ ಹೋಗಿ ಹೊಟ್ಟಿ ಮುಚ್ಚೀದಿ. ಒಳಗ ಗಾಳಿ ಆಡಬೇಕು."

ನೋಡಿದೆ. ಖರೆ. 'ಬ'ದ ಒಳಗಿನ ಕಪ್ಪು ಸಂದು ಮುಚ್ಚಿತ್ತು. ಸೊನ್ನೆಯ ನಡುವಿನ ತೂತು ಇಲ್ಲವಾಗಿತ್ತು. 'ಊ' ಒಂದು ಗಂಟಾಗಿತ್ತು. ಎತ್ತರ ಹೆಚ್ಚಿಸಲು ಹಲಗೆಯಲ್ಲಿ ಜಾಗವಿರಲಿಲ್ಲ.

"ರೊಟ್ಟಿ ಹೆಂಗ ಬಡಿತಾರ?" ಎಂದಳು.

"ಅಗಲಕ್ಕ."

"ಹಂಗ ಬಡಿ. ಎಡಕ್ಕ ಬಲಕ್ಕ ಸರಸು. ನಿನ್ನ ಸೆರಗಿನ ಅಂಚಿಗಿ ಜಾಗಾ ಬ್ಯಾಡ."

ಅಂಚು ಹೋಯಿತು. ಅಕ್ಷರ ಹಲಗೆಯ ಎರಡೂ ತುದಿಗೆ ಸರಿಯಿತು. ಗೆರೆ ಶುರುವಿನಿಂದ ಕೊನೆಯವರೆಗೆ ಒಂದೇ ದಪ್ಪ. ಕೊನೆಯಲ್ಲಿ ಬಾಲವಿಲ್ಲ, ಕತ್ತರಿಯಿಂದ ಬಟ್ಟೆ ಕತ್ತರಿಸಿದ ಹಾಗೆ ನೇರ ಮುಗಿತಾಯ. ತಲೆಕಟ್ಟು ಸುರುಳಿ ಬಿಟ್ಟು ತೊಲೆಯಂತೆ ಅಡ್ಡ ಮಲಗಿತು. ಬಿಳಿ ಗೆರೆ ಎರಡು ಬೆರಳಿನಷ್ಟಿದ್ದರೆ ಒಳಗಿನ ಕಪ್ಪು ಸಂದೂ ಎರಡು ಬೆರಳಿಗೆ ಕಡಿಮೆ ಇರಬಾರದು. ಇದನ್ನು ನೀಲತ್ತಿ ತನ್ನ ಉಳಿದ ಬೆರಳುಗಳನ್ನು ಹಲಗೆಯ ಮೇಲಿಟ್ಟು ಅಳೆಯುತ್ತಿದ್ದಳು. ಐದನೆಯ ಮಗ್ಗ, ಆರನೆಯ ಮಗ್ಗ. ದೂರ ಮಾತ್ರ ಸಾಲದು ಎಂದಳು. ಬೆನ್ನು ಮಾಡಿ ನಿಂತು, ಥಟ್ಟನೆ ತಿರುಗಿ, ಲಾಳಿ ಒಂದು ಸಲ ಹೋಗಿ ಬರುವಷ್ಟರಲ್ಲಿ ಓದಲಾಗಬೇಕು. ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಅಳಿಸಿ ಬರೆಯಬೇಕು. 'ಬಂದ್' ಒಂದನ್ನೇ ಹದಿನಾಲ್ಕು ಸಲ ಬರೆದೆ. ಹದಿನಾಲ್ಕನೆಯದು ಎಂಟನೆಯ ಮಗ್ಗದಿಂದ ಓದಲು ಬಂತು. ಅವು ಹೆಚ್ಚು ಕಡಿಮೆ ಅಜ್ಜನ ಅಕ್ಷರಗಳೇ ಆಗಿದ್ದವು, ಅವನಿಗಿಂತ ತುಸು ಅಗಲ. ನಾನು ಒಡ್ಡು ಎಂದುಕೊಂಡದ್ದಕ್ಕೆ ಒಂದು ಕಾರಣವಿತ್ತು. ಅಪ್ಪ ಪದ್ಧತಿಯನ್ನೂ ಬದಲಿಸಿದ. ಕೈ ಎತ್ತಿದರೆ ಸಾಲದು, ಓದಿದವರು ಅದೇ ಮಾತಿನ ಇನ್ನೊಂದು ಹಲಗೆಯನ್ನು ತಿರುಗಿ ಎತ್ತಿ ತೋರಿಸಬೇಕು. ಹಾಗೆ ಆರು ಹಲಗೆಗಳು ಹನ್ನೆರಡಾದವು.

ಆ ಅಕ್ಷರ ಮೆಲ್ಲಗೆ ಮನೆ ದಾಟಿತು. ಮೊದಲು ಓಣಿಯ ಮಗ್ಗದ ಮನೆಗಳವರು ತಮಗೂ ಹಲಗೆ ಬರೆಸಿಕೊಂಡರು. ಆಮೇಲೆ ರಬಕವಿಯ ಬಟ್ಟೆಯ ಅಂಗಡಿಗಳು, ಮಹಾಲಿಂಗಪುರದ ಬೆಲ್ಲದ ಅಂಗಡಿಗಳು. ಮುಧೋಳದ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳ ಹಿಂಬದಿಗೆ 'ನಿಧಾನ' ಎಂದು ಎಷ್ಟು ಬರೆದೆನೋ ಲೆಕ್ಕವಿಲ್ಲ. ಹೆಣ್ಣುಮಗಳು ಏಣಿ ಹತ್ತಿ ಬರೆಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಕೆಳಗೆ ಏಣಿ ಹಿಡಿದು ನಿಂತ ನೀಲತ್ತಿ ಅವರನ್ನೂ ಕೆಲಸಕ್ಕೆ ಹಚ್ಚುತ್ತಿದ್ದಳು.

"ಸುಮ್ನ ಯಾಕ ನಿಂತೀರಿ? ಆ ಬೇವಿನ ಗಿಡದ ತನಕ ಹೋಗಿ ಕಾಣ್ತೈತಿಲ್ಲೋ ನೋಡಿ ಹೇಳ್ರಿ."

ಎಲ್ಲಕ್ಕೂ ಅದು ಒಗ್ಗುವ ಅಕ್ಷರವಲ್ಲ ಎಂಬುದನ್ನೂ ಆಕೆಯೇ ಕಲಿಸಿದಳು. ಬೀಳಗಿಯ ಕಡೆಯವರೊಬ್ಬರು ಲಗ್ನಪತ್ರಿಕೆಗೆ ಅದೇ ಅಕ್ಷರ ಬೇಕೆಂದರು. ಬರೆದು ತೋರಿಸಿದೆ. ನೀಲತ್ತಿ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ಇವರು ಮದವಿಗಿ ಕರ್ಯಾಕತ್ತಾರೋ, ಮನಿಗಿ ಬೆಂಕಿ ಹತ್ತೈತಿ ಅಂತ ಹೇಳಾಕತ್ತಾರೋ? ಇದು ಕೂಗೂ ಅಕ್ಷರ ಲೇ ಗಿರಿಜಿ. ಕುಂತು ಮಾತಾಡೂದಕ್ಕ ಬ್ಯಾರೆ ಇರಲಿ."

ಅಂದಿನಿಂದ ಉದ್ದನೆಯ ಬರಹಕ್ಕೆ ಅದನ್ನು ಬಳಸಲಿಲ್ಲ. ಒಂದು ಮಾತು, ಹೆಚ್ಚೆಂದರೆ ಮೂರು. ದೂರದಿಂದ, ಅವಸರದಲ್ಲಿ, ಸದ್ದಿನ ನಡುವೆ ಓದಬೇಕಾದದ್ದು. ಮುಂದೆ ಜಮಖಂಡಿಯ ಒಂದು ಅಚ್ಚಿನ ಮನೆಯಲ್ಲಿ ಕಂಪ್ಯೂಟರಿನ ಮೇಲೆ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದೆ. ಹತ್ತಾರು ನಮೂನೆಯ ಅಕ್ಷರಗಳು ಅಲ್ಲಿದ್ದವು. ದಪ್ಪನೆಯವುಗಳನ್ನು ಬ್ಯಾನರಿಗೆ ಹಾಕಿದಾಗ ಬಹಳಷ್ಟರ ಹೊಟ್ಟೆ ಮುಚ್ಚಿಹೋಗಿರುತ್ತಿತ್ತು. ಈ ಮೂರು ವರ್ಷಗಳಲ್ಲಿ ನಮ್ಮ ಮನೆಯ ಅಕ್ಷರಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತಿದ್ದಿ ಫಾಂಟು ಮಾಡಿದೆ. ಹಲಗೆಗೆ ಆರು ಮಾತು ಸಾಕಿತ್ತು, ಫಾಂಟಿಗೆ ಇಡೀ ವರ್ಣಮಾಲೆ ಬೇಕು. ಅಗಲ ಮಾಡಿದ ಅಕ್ಷರದ ಕೆಳಗೆ ಒತ್ತು ಎಲ್ಲಿ ಕೂರಬೇಕು, 'ಝ'ದ ಒಳಗೆ ಗಾಳಿ ಹೇಗೆ ಆಡಬೇಕು ಎಂದು ವಾರಗಟ್ಟಲೆ ಕೂತಿದ್ದೇನೆ. ಸಂದು ಅಳೆಯುವಾಗ ಪರದೆಯ ಮೇಲೆ ಎರಡು ಬೆರಳು ಇಡುವ ಅಭ್ಯಾಸ ಹೋಗಿಲ್ಲ. ಫಾಂಟಿಗೆ 'ನೀಲ' ಎಂದು ಹೆಸರಿಟ್ಟೆ.

ಹೊರಗೆ ಕೊಡುವ ಮೊದಲು ಅದನ್ನು ಬನಹಟ್ಟಿಗೆ ತೆಗೆದುಕೊಂಡು ಹೋದೆ. ಅಪ್ಪ, ಅವ್ವ ಈಗಿಲ್ಲ. ಮಗ್ಗಗಳನ್ನು ಆಗ ಚಿಕ್ಕವನಿದ್ದ ನನ್ನ ತಮ್ಮ ನಡೆಸುತ್ತಾನೆ. ಶಾಫ್ಟು ಹೋಗಿ ಪ್ರತಿ ಮಗ್ಗಕ್ಕೂ ಬೇರೆ ಮೋಟಾರು ಬಂದಿದೆ, ಮೇನ್ ಸ್ವಿಚ್ಚು ಮಾತ್ರ ಅದೇ ಬೀದಿ ಬಾಗಿಲ ಪಕ್ಕದ ಗೋಡೆಯಲ್ಲಿದೆ. ನೀಲತ್ತಿಗೆ ವಯಸ್ಸಾಗಿದೆ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ್ದಾರೆ. ಬಂದ ಕಾರಣ ಹೇಳಿದೆ. ಆಕೆ ಮಗ್ಗಗಳ ಚೌಕಟ್ಟುಗಳನ್ನು ಹಿಡಿದುಕೊಳ್ಳುತ್ತ, ಎಂಟನೆಯ ಮಗ್ಗದವರೆಗೆ ನಡೆದು ಹೋದಳು. ಬೆನ್ನು ಮಾಡಿ ನಿಂತಳು. ಎಂಟೂ ಮಗ್ಗಗಳು ಓಡುತ್ತಿದ್ದವು. ನಾನು ಅಡುಗೆಮನೆಯ ಬಾಗಿಲಲ್ಲಿ, ಅದೇ ಜಾಗದಲ್ಲಿ, ಅಚ್ಚು ಹಾಕಿಸಿದ ಹಾಳೆಯನ್ನು ಎರಡೂ ಕೈಯಿಂದ ಎದೆಯ ಮುಂದೆ ಹಿಡಿದೆ. ಅದರ ಮೇಲೆ ಒಂದೇ ಮಾತಿತ್ತು. ಬಂದ್.

ಆಕೆ ತಿರುಗಿದಳು. ನೋಡಿದಳು. ಕೈ ಎತ್ತಲಿಲ್ಲ. ಪಕ್ಕಕ್ಕೆ ಬಗ್ಗಿ, ಮೂರು ಬೆರಳಿನ ಆ ಕೈಯಿಂದ ಮೇನ್ ಸ್ವಿಚ್ಚು ತೆಗೆದಳು.

ಎಂಟೂ ಮಗ್ಗಗಳು ನಿಂತವು. ಲಾಳಿ ಒಂದೇ ಸಲ ಹೋಗಿ ಬಂದಿತ್ತು. ಈ ಸಲ ಎಣಿಸಿದ್ದೆ. ಅಮಾವಾಸ್ಯೆಯಲ್ಲದ ದಿನ ಆ ಮನೆ ಅಷ್ಟು ಸುಮ್ಮನಾದದ್ದನ್ನು ನಾನು ಇನ್ನೊಂದೇ ಸಲ ಕಂಡಿದ್ದೆ. ತಮ್ಮ ಏನಾಯಿತೆಂದು ನೂಲಿನ ಕೋಣೆಯಿಂದ ಇಣುಕಿದ. ನೀಲತ್ತಿ ಕೈ ಮಾಡಿ ಅವನನ್ನು ಒಳಗೆ ಕಳಿಸಿದಳು. ನಾನು ಹಾಳೆ ಹಿಡಿದುಕೊಂಡೇ ಆಕೆಯ ಹತ್ತಿರ ಹೋದೆ. ಅಷ್ಟು ವರ್ಷ ಬಾಯಿಯವರೆಗೆ ಬಂದು ಹಿಂದೆ ಹೋಗಿದ್ದ ಮಾತನ್ನು ಹೇಳಿದೆ.

"ಅತ್ತಿ, ಅಪ್ಪಗ ಆ ಹಲಗಿ ಕಾಣಂಗಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ಎರಡ ದಿನ ಮೊದಲ ಗೊತ್ತಿತ್ತು. ಹೇಳಲಿಲ್ಲ."

ಆಕೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು, ಬಟ್ಟೆ ಮಡಚುವ ಹಾಗೆ, ಅಂಚಿಗೆ ಅಂಚು ಕೂಡಿಸಿ.

"ನನಗೂ ಗೊತ್ತಿತ್ತಲ್ಲ ಹುಚ್ಚಿ. ನಾ ಆ ಕಡೆ ಮಗ್ಗಕ್ಕ ಹೋದಾಗ ನೀ 'ನೀರು' ಹಿಡದಿದ್ದಿ. ನನಗೂ ಕಾಣಲಿಲ್ಲ. ಅಮಾಸಿ ಬರಲಿ, ಅವಾಗ ಹೇಳಿದ್ರಾತು ಅಂತ ಬಿಟ್ಟೆ. ಎಷ್ಟ ಆಸೆಲೆ ಬರದಿದ್ದಿ, ಅತ್ತುಗಿತ್ತೀ ಅಂತ."

ಆಕೆ ನನ್ನ ಮುಖ ನೋಡಿ, ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಸ್ವಿಚ್ಚಿನ ಕಡೆ ತಿರುಗಿದಳು.

"ಹಚ್ಚತೇನಿ ನೋಡು. ಮತ್ತ ಕೇಳಂಗಿಲ್ಲ. ಇನ್ನೇನರ ಹೇಳೂದೈತೇನು?"

ಇಲ್ಲ ಎಂದೆ. ಆಕೆ ಸ್ವಿಚ್ಚು ಹಾಕಿದಳು. ಮಗ್ಗಗಳು ಶುರುವಾದವು. ಆ ಸದ್ದಿನಲ್ಲಿ ನಾವಿಬ್ಬರೂ ಎಂಟು ಮಗ್ಗ ದಾಟಿ ಅಡುಗೆಮನೆಯ ಬಾಗಿಲಿಗೆ ಬಂದೆವು. ನಾನು ಹತ್ತನೆಯ ವಯಸ್ಸಿನಲ್ಲಿ ಬರೆದ 'ಊಟ' ಹಲಗೆ ಇನ್ನೂ ಅದೇ ಮೊಳೆಗೆ ತೂಗುತ್ತಿತ್ತು. ನೀಲತ್ತಿ ಅದನ್ನು ತೆಗೆದು, ಪಕ್ಕದಲ್ಲೇ ನಿಂತಿದ್ದ ನನ್ನ ಮುಖದ ಮುಂದೆ ಎತ್ತಿ ಹಿಡಿದಳು.